ಸಹಭಾಗಿ ವಿಡಿಯೊ: ಕ್ಯಾಮೆರಾ, ಕತ್ತರಿ ಮತ್ತು ನಿರೂಪಣೆಯ ಅಧಿಕಾರ

ಕಳೆದ ಎರಡು ಮೂರು ದಶಕಗಳಲ್ಲಿ ಕನ್ನಡದಲ್ಲಿ ಅತಿ ಹೆಚ್ಚು ಬಳಕೆಗೆ ಬಂದ ಪದಗಳಲ್ಲಿ 'ಸಬಲೀಕರಣ'ವೂ ಒಂದು. ಸರ್ಕಾರಿ ಸುತ್ತೋಲೆಗಳಿಂದ ಹಿಡಿದು ವಿಚಾರ ಸಂಕಿರಣಗಳ ಶೀರ್ಷಿಕೆಯವರೆಗೆ ಅದು ಹರಡಿಕೊಂಡಿದೆ. ಈ ಪದದ ರಚನೆಯನ್ನು ವ್ಯಾಕರಣದ ಕಣ್ಣಿನಿಂದ ನೋಡಿದರೆ ಒಂದು ಸಂಗತಿ ಗೋಚರಿಸುತ್ತದೆ. ಇಲ್ಲಿರುವುದು ಸಂಸ್ಕೃತ ವೈಯಾಕರಣರು 'ಚ್ವಿ' ಎಂದು ಕರೆಯುವ ಪ್ರತ್ಯಯದ ಪ್ರಯೋಗ. ಅದರ ಅರ್ಥ 'ಅಭೂತತದ್ಭಾವ', ಅಂದರೆ ಮೊದಲು ಹಾಗಿರದಿದ್ದುದು ಈಗ ಹಾಗೆ ಆಗುವುದು. ಹಾಗಾಗಿ ಯಾವುದೇ ಸಮುದಾಯದ ಸಬಲೀಕರಣದ ಮಾತನಾಡಿದೊಡನೆ ಎರಡು ಪೂರ್ವಗ್ರಹಿಕೆಗಳನ್ನು ಒಪ್ಪಿಕೊಂಡಂತಾಗುತ್ತದೆ. ಆ ಸಮುದಾಯಕ್ಕೆ ಈ ಮೊದಲು ಬಲವಿರಲಿಲ್ಲ ಎಂಬುದು ಒಂದು. ಬಲವನ್ನು ಉಂಟುಮಾಡುವ ಕರ್ತೃವು ಸಮುದಾಯದ ಹೊರಗಿದ್ದಾನೆ ಎಂಬುದು ಇನ್ನೊಂದು.

ಈ ಎರಡೂ ಗ್ರಹಿಕೆಗಳನ್ನು ಪ್ರಶ್ನಿಸುತ್ತ ಬೆಳೆದ ಒಂದು ಕ್ರಮವೆಂದರೆ 'ಸಹಭಾಗಿ ವಿಡಿಯೊ'. ಸಮುದಾಯವೊಂದು ತನ್ನ ಬದುಕಿನ ಸಂಗತಿಯನ್ನು ತಾನೇ ಆಯ್ದು, ಚಿತ್ರೀಕರಿಸಿ, ಮೊದಲು ತನ್ನೊಳಗೇ ನೋಡಿ, ಚರ್ಚಿಸಿ, ಬೇಡವಾದುದನ್ನು ತೆಗೆದುಹಾಕಿ, ಆ ಬಳಿಕ ಅಧಿಕಾರಸ್ಥರಿಗೆ ಅಥವಾ ಇತರ ಸಮುದಾಯಗಳಿಗೆ ತೋರಿಸುವ ಪ್ರಕ್ರಿಯೆಯನ್ನು ಈ ಹೆಸರಿನಿಂದ ಕರೆಯಲಾಗುತ್ತದೆ. ಸಾಕ್ಷ್ಯಚಿತ್ರದಲ್ಲಿ ಮುಗಿದ ಕೃತಿಯೇ ಮುಖ್ಯ. ಇಲ್ಲಿ ಕೃತಿಗಿಂತ ಅದು ರೂಪುಗೊಳ್ಳುವ ಬಗೆ ಮುಖ್ಯ. ಅಭಿವೃದ್ಧಿ ಅಧ್ಯಯನ ಮತ್ತು ಸಂವಹನ ಶಾಸ್ತ್ರದವರು ಈ ಕುರಿತು ಸಾಕಷ್ಟು ಬರೆದಿದ್ದಾರೆ. ಆದರೆ ಸಾಹಿತ್ಯ ಮತ್ತು ಜಾನಪದ ಅಧ್ಯಯನದ ದೃಷ್ಟಿಯಿಂದ ಇದನ್ನು ನೋಡುವ ಅಗತ್ಯವಿದೆ. ಏಕೆಂದರೆ ಇದು ಮೂಲತಃ ನಿರೂಪಣೆಯ ಪ್ರಶ್ನೆ. ಕಥನ ಯಾರದು, ಅದನ್ನು ಕತ್ತರಿಸಿ ಜೋಡಿಸುವವರು ಯಾರು, ಜೋಡಿಸಿದ್ದನ್ನು ಮೊದಲು ನೋಡುವವರು ಯಾರು ಎಂಬ ಪ್ರಶ್ನೆಗಳು ಮೌಖಿಕ ಕಾವ್ಯಗಳನ್ನು ಸಂಗ್ರಹಿಸಿ ಸಂಪಾದಿಸುವ ಕನ್ನಡ ವಿಭಾಗಗಳಿಗೂ ಸಂಬಂಧಿಸಿದವು. ಕ್ಯಾಮೆರಾವನ್ನು ಸಮುದಾಯದ ಕೈಗೆ ಕೊಟ್ಟುಬಿಟ್ಟರೆ ಸಹಭಾಗಿತ್ವ ಸಿದ್ಧಿಸಿತು ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಅದು ಅರ್ಧಸತ್ಯ ಎಂಬುದನ್ನು ಎರಡು ಪ್ರಯೋಗಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಒಂದು ಕೆನಡಾದ ಫೋಗೊ ದ್ವೀಪದ್ದು, ಇನ್ನೊಂದು ಬೀದರ್ ಗಡಿಗೆ ಹೊಂದಿಕೊಂಡ ಜಹೀರಾಬಾದ್ ಪರಿಸರದ್ದು.

ಮಾಂಟ್ರಿಯಲ್‌ನ ಒಂದು ಕುಟುಂಬ ಮತ್ತು ಫೋಗೊ ದ್ವೀಪ

ಫೋಗೊ ಪ್ರಯೋಗದ ಹಿನ್ನೆಲೆಯಲ್ಲಿ ಒಂದು ಅಹಿತಕರ ಪ್ರಸಂಗವಿದೆ. ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯು ಬಡತನವನ್ನು ಕುರಿತು 'ದಿ ಥಿಂಗ್ಸ್ ಐ ಕೆನಾಟ್ ಚೇಂಜ್' ಎಂಬ ಚಿತ್ರವನ್ನು ನಿರ್ಮಿಸಿತು. ನಿರ್ದೇಶಕಿ ತಾನ್ಯಾ ಬ್ಯಾಲಂಟೈನ್. ಮಾಂಟ್ರಿಯಲ್ ನಗರದಲ್ಲಿ ಕೆಲಸವಿಲ್ಲದ ತಂದೆ, ಒಂಬತ್ತು ಮಕ್ಕಳು, ಇನ್ನೊಂದು ಮಗುವಿಗೆ ಗರ್ಭಿಣಿಯಾದ ತಾಯಿ ಇರುವ ಕುಟುಂಬವೊಂದರ ದಿನಚರಿಯನ್ನು ಅದು ಸೆರೆಹಿಡಿದಿತ್ತು. ಚಿತ್ರತಂಡಕ್ಕೆ ಆ ಕುಟುಂಬದ ಬಗ್ಗೆ ಸಹಾನುಭೂತಿಯಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ 1967ರಲ್ಲಿ ದೂರದರ್ಶನದಲ್ಲಿ ಪ್ರಸಾರವಾಗುವ ಮೊದಲು ಚಿತ್ರವನ್ನು ಆ ಕುಟುಂಬಕ್ಕೆ ತೋರಿಸಲಿಲ್ಲ. ಇಡೀ ದೇಶ ನೋಡಿದಾಗಲೇ ಅವರೂ ನೋಡಿದರು. ಪರಿಣಾಮವಾಗಿ ನೆರೆಹೊರೆಯವರ ಗೇಲಿಗೆ ಅವರು ಗುರಿಯಾಗಬೇಕಾಯಿತು. ಬಡತನದ ವಿರುದ್ಧ ತೆಗೆದ ಚಿತ್ರವೇ ಬಡವರ ಮರ್ಯಾದೆಯನ್ನು ಬೀದಿಗೆ ತಂದಿತು.

ಈ ಅನುಭವವು ಅದೇ ಮಂಡಳಿಯ ನಿರ್ದೇಶಕ ಕಾಲಿನ್ ಲೋ ಅವರನ್ನು ಬೇರೆ ದಾರಿಯ ಕಡೆಗೆ ತಿರುಗಿಸಿತು. ಮಂಡಳಿಯು 1967ರಲ್ಲಿ 'ಚಾಲೆಂಜ್ ಫಾರ್ ಚೇಂಜ್' ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಅದರ ಅಡಿಯಲ್ಲಿ ಲೋ ಅವರು ನ್ಯೂಫೌಂಡ್‌ಲ್ಯಾಂಡಿನ ಈಶಾನ್ಯ ಕರಾವಳಿಯಾಚೆಯ ಫೋಗೊ ದ್ವೀಪಕ್ಕೆ ಹೋದರು. ಅಲ್ಲಿನ ಮೆಮೋರಿಯಲ್ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗವೂ, ಅದರ ನಿರ್ದೇಶಕ ಡೊನಾಲ್ಡ್ ಸ್ನೋಡನ್ ಅವರೂ ಈ ಕೆಲಸಕ್ಕೆ ಜೊತೆಯಾದರು. ವಿಶ್ವವಿದ್ಯಾಲಯವೊಂದರ ವಿಸ್ತರಣಾ ವಿಭಾಗವು ಉಪನ್ಯಾಸಮಾಲೆ ಏರ್ಪಡಿಸುವುದರ ಆಚೆಗೂ ಏನು ಮಾಡಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ.

ಫೋಗೊದಲ್ಲಿ ಆಗ ಸುಮಾರು ಐದು ಸಾವಿರ ಜನರಿದ್ದರು. ದ್ವೀಪದ ಅಂಚಿನುದ್ದಕ್ಕೂ ಚದುರಿದ ಸಣ್ಣ ಸಣ್ಣ ಬಂದರು ಹಳ್ಳಿಗಳು. ಕ್ರೈಸ್ತ ಪಂಗಡಗಳ ಭೇದದಿಂದ ಅವುಗಳ ನಡುವೆ ಬಿರುಕು. ತೀರದ ಸಮೀಪದ ಕಾಡ್ ಮೀನುಗಾರಿಕೆ ಕುಸಿದಿತ್ತು, ಜನಸಂಖ್ಯೆಯ ಅರ್ಧಕ್ಕೂ ಹೆಚ್ಚು ಭಾಗ ಸರ್ಕಾರದ ಸಹಾಯಧನವನ್ನು ನಂಬಿಕೊಂಡಿತ್ತು. ಇಂಥ ದೂರದ ಹಳ್ಳಿಗಳನ್ನು ತೆರವು ಮಾಡಿಸಿ ಜನರನ್ನು ದೊಡ್ಡ ಊರುಗಳಿಗೆ ಸ್ಥಳಾಂತರಿಸುವುದು ಅಂದಿನ ಪ್ರಾಂತೀಯ ಸರ್ಕಾರದ ನೀತಿಯಾಗಿತ್ತು. ಅಣೆಕಟ್ಟುಗಳ ಹಿನ್ನೀರಿನಲ್ಲಿ ಊರು ಕಳೆದುಕೊಂಡವರನ್ನು ಬಲ್ಲ ಕರ್ನಾಟಕದ ಓದುಗರಿಗೆ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೋ ಅವರ ತಂಡ ಅಲ್ಲಿ ಇಪ್ಪತ್ತೇಳು ಚಿತ್ರಗಳನ್ನು ತಯಾರಿಸಿತು. ಒಟ್ಟು ಅವಧಿ ಸುಮಾರು ಆರು ಗಂಟೆ. ಸಂಖ್ಯೆಗಿಂತ ಗಮನಿಸಬೇಕಾದುದು ಅವುಗಳ ರಚನಾಕ್ರಮ. ರೂಢಿಯ ಸಾಕ್ಷ್ಯಚಿತ್ರದಲ್ಲಿ ಸಂಕಲನಕಾರ ಒಂದು ವಿಷಯವನ್ನು ಹಿಡಿದುಕೊಂಡು ಬೆಸ್ತನ ಎರಡು ಮಾತು, ವ್ಯಾಪಾರಿಯ ಒಂದು ಮಾತು, ಸಚಿವರ ಒಂದು ಮಾತು ಹೀಗೆ ತುಂಡುಗಳನ್ನು ಪೋಣಿಸುತ್ತಾನೆ. ವಾದವು ಸಂಕಲನಕಾರನದಾಗುತ್ತದೆ, ಮಾತನಾಡಿದವರು ಅದಕ್ಕೆ ಉದಾಹರಣೆಗಳಾಗುತ್ತಾರೆ. ಲೋ ಇದನ್ನು ಕೈಬಿಟ್ಟರು. ಒಬ್ಬ ವ್ಯಕ್ತಿಯ ಮಾತಿಗೆ ಒಂದು ಚಿತ್ರ, ಒಂದು ಘಟನೆಗೆ ಒಂದು ಚಿತ್ರ ಎಂಬ ಕ್ರಮವನ್ನು ಅನುಸರಿಸಿದರು. ಇದನ್ನು ಅಡ್ಡ ಜೋಡಣೆಗೆ ಬದಲಾಗಿ 'ಲಂಬ' ರಚನೆ ಎಂದು ಕರೆಯಲಾಯಿತು. ದ್ವೀಪವನ್ನು ಬಿಟ್ಟು ಟೊರಾಂಟೊ ಕಡೆಗೆ ಹೊರಟ ಬಿಲ್ಲಿ ಕ್ರೇನ್ ಎಂಬ ಬೆಸ್ತ ತಾನೇಕೆ ಹೋಗುತ್ತಿದ್ದೇನೆ ಎಂಬುದನ್ನು ತಡೆಯಿಲ್ಲದೆ ಹೇಳಿಕೊಳ್ಳುತ್ತಾನೆ. ಅದೇ ಒಂದು ಚಿತ್ರ. ಇನ್ನೊಂದರಲ್ಲಿ ಮಕ್ಕಳ ಆಟವಿದೆ. ಮತ್ತೊಂದರಲ್ಲಿ ಮದುವೆಯ ಸಂಭ್ರಮವಿದೆ, ಬೇರೊಂದರಲ್ಲಿ ಹಾಡುಗಳಿವೆ. ಸಂಕಟವೊಂದನ್ನೇ ತೋರಿಸಿ ಜನರನ್ನು ದೈನ್ಯದ ಪ್ರತಿಮೆಗಳನ್ನಾಗಿ ಮಾಡಬಾರದೆಂಬ ಎಚ್ಚರ ಈ ಆಯ್ಕೆಯಲ್ಲಿದೆ.

ಎರಡನೆಯ ವೈಶಿಷ್ಟ್ಯ ಪ್ರದರ್ಶನದ ಅನುಕ್ರಮಕ್ಕೆ ಸಂಬಂಧಿಸಿದ್ದು. ಚಿತ್ರೀಕರಿಸಿದ್ದನ್ನು ಮೊದಲು ಅದರಲ್ಲಿ ಕಾಣಿಸಿಕೊಂಡವರಿಗೆ ತೋರಿಸಲಾಯಿತು. ಅವರು ಬೇಡವೆಂದುದನ್ನು ತೆಗೆಯಬಹುದಿತ್ತು. ಅವರ ಒಪ್ಪಿಗೆಯ ಬಳಿಕ ದ್ವೀಪದ ಇತರ ಹಳ್ಳಿಗಳಿಗೆ, ಆಮೇಲಷ್ಟೇ ಹೊರಗಿನವರಿಗೆ. ದ್ವೀಪದಲ್ಲಿ ಒಟ್ಟು ಮೂವತ್ತೈದು ಪ್ರದರ್ಶನಗಳು ನಡೆದವು. ಪಕ್ಕದ ಬಂದರಿನವರೊಡನೆ ಎದುರುಬದುರು ಕುಳಿತು ಮಾತನಾಡದವರು ತೆರೆಯ ಮೇಲೆ ಆ ಬಂದರಿನವರ ಅಳಲನ್ನು ಕೇಳಿ, ಅದು ತಮ್ಮದೇ ಅಳಲು ಎಂದು ಗುರುತಿಸಿದರು. ಪ್ರಾಂತೀಯ ಸರ್ಕಾರದವರಿಗೂ ಚಿತ್ರಗಳನ್ನು ತೋರಿಸಲಾಯಿತು. ಅವುಗಳನ್ನು ನೋಡಿದ ಮೀನುಗಾರಿಕೆ ಸಚಿವರ ಉತ್ತರವನ್ನು ಚಿತ್ರೀಕರಿಸಿ ಮರಳಿ ದ್ವೀಪಕ್ಕೆ ತರಲಾಯಿತು. ಮಾತು ಮೇಲಕ್ಕೆ ಹೋಗಿ ಅಲ್ಲಿಯೇ ಕರಗಿಹೋಗದೆ ಉತ್ತರದೊಂದಿಗೆ ಹಿಂದಿರುಗಿತು. ಅರ್ಜಿ ಬರೆದು ಕಾಯುವ ಪದ್ಧತಿಯಲ್ಲಿ ಇಲ್ಲದ ಗುಣವಿದು.

ಫೋಗೊದ ಜನ ದ್ವೀಪವನ್ನು ತೆರವು ಮಾಡಲಿಲ್ಲ. 1967ರಲ್ಲಿ ಸ್ಥಾಪಿತವಾದ ಮೀನುಗಾರರ ಸಹಕಾರ ಸಂಘ ಅಲ್ಲಿನ ಆರ್ಥಿಕತೆಗೆ ಆಧಾರವಾಯಿತು. ಇದನ್ನೆಲ್ಲ ಚಿತ್ರಗಳ ಫಲವೆಂದು ಹೇಳುವ ಬರಹಗಳು ಹಲವಾರು ಇವೆ. ಆ ಮಾತನ್ನು ಎಚ್ಚರದಿಂದ ಸ್ವೀಕರಿಸಬೇಕು. ಚಿತ್ರತಂಡ ಬರುವುದಕ್ಕೆ ಮೊದಲೇ ದ್ವೀಪದಲ್ಲಿ ಸುಧಾರಣಾ ಸಮಿತಿಯೊಂದು ಕೆಲಸ ಮಾಡುತ್ತಿತ್ತು, ವಿಶ್ವವಿದ್ಯಾಲಯದ ಕ್ಷೇತ್ರ ಕಾರ್ಯಕರ್ತರು ಹಳ್ಳಿ ಹಳ್ಳಿ ಸುತ್ತುತ್ತಿದ್ದರು. ಚಿತ್ರಗಳು ಇಲ್ಲದ ಬಲವನ್ನು ಸೃಷ್ಟಿಸಲಿಲ್ಲ, ಇದ್ದ ಬಲಗಳ ನಡುವೆ ಸಂಪರ್ಕ ಕಲ್ಪಿಸಿದವು. 'ಅಭೂತತದ್ಭಾವ' ಇಲ್ಲಿ ಅನ್ವಯಿಸುವುದಿಲ್ಲ.

ಇನ್ನೊಂದು ಅಂಶವೂ ಇದೆ. ಫೋಗೊದಲ್ಲಿ ಬಳಸಿದ್ದು ವಿಡಿಯೊ ಅಲ್ಲ, 16 ಮಿ.ಮೀ. ಫಿಲ್ಮು. ಕ್ಯಾಮೆರಾ ಇದ್ದುದು ಬೆಸ್ತರ ಕೈಯಲ್ಲಲ್ಲ, ನುರಿತ ಛಾಯಾಗ್ರಾಹಕರ ಕೈಯಲ್ಲಿ. ಹಾಗಿದ್ದರೂ ಸಹಭಾಗಿ ವಿಡಿಯೊದ ಚರಿತ್ರೆಯನ್ನು ಬರೆಯುವವರೆಲ್ಲ ಇಲ್ಲಿಂದಲೇ ಆರಂಭಿಸುತ್ತಾರೆ. ಇದರ ಅರ್ಥವನ್ನು ನೇರವಾಗಿ ಎದುರುಗೊಳ್ಳಬೇಕು: ಕ್ಯಾಮೆರಾ ಹಿಡಿಯದೆಯೂ ಫೋಗೊದ ಜನ ಸಹಭಾಗಿಗಳಾದರು, ಏಕೆಂದರೆ ಕತ್ತರಿಯ ಮೇಲೆ ಮತ್ತು ಪ್ರದರ್ಶನದ ಮೇಲೆ ಅವರಿಗೆ ಹಿಡಿತವಿತ್ತು. ಇದಕ್ಕೆ ವ್ಯತಿರಿಕ್ತವಾಗಿ, ಕ್ಯಾಮೆರಾವನ್ನು ಕೊಟ್ಟು ಕತ್ತರಿಯನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಯೋಜನೆಗಳು ಈಚೆಗೆ ಹೆಚ್ಚಾಗಿವೆ.

ಕ್ಯಾಮೆರಾ ಕೈ ಬದಲಾಯಿಸಿದ್ದು

ಹೊರಲು ಹಗುರವಾದ ವಿಡಿಯೊ ಉಪಕರಣವನ್ನು ಸೋನಿ ಕಂಪನಿ 1960ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ತಂದಿತು. ಫಿಲ್ಮಿಗೆ ಬೇಕಾದ ರಸಾಯನಶಾಲೆಯ ಸಂಸ್ಕರಣೆ ಇದಕ್ಕೆ ಬೇಡ. ತೆಗೆದುದನ್ನು ಆಗಲೇ ನೋಡಬಹುದು, ಅಳಿಸಿ ಮತ್ತೆ ತೆಗೆಯಬಹುದು. ಮಾಂಟ್ರಿಯಲ್‌ನ ಸೇಂಟ್ ಜಾಕ್ ಬಡಾವಣೆಯ ನಾಗರಿಕ ಸಮಿತಿಯವರು ಈ ಉಪಕರಣವನ್ನು ತಾವೇ ಹಿಡಿದು ಬೀದಿಗಿಳಿದರು. 1969ರ 'ವಿಟಿಆರ್ ಸೇಂಟ್ ಜಾಕ್' ಚಿತ್ರ ಅದರ ದಾಖಲೆ. ಭಾರತದಲ್ಲಿ ಇಂಥ ಮೊದಲ ಮುಖ್ಯ ಪ್ರಯತ್ನ ಅಹಮದಾಬಾದಿನ ಸೇವಾ ಸಂಘಟನೆಯದು. 1984ರಲ್ಲಿ ಅಮೆರಿಕದ ಮಾರ್ತಾ ಸ್ಟುವರ್ಟ್ ಅವರು ಅಲ್ಲಿಗೆ ಬಂದು ತರಬೇತಿ ನೀಡಿದರು. ತರಬೇತಿ ಪಡೆದ ಶ್ರಮಿಕ ಮಹಿಳೆಯರಲ್ಲಿ ತರಕಾರಿ ಮಾರುವವರಿದ್ದರು, ಅಕ್ಷರ ಬಾರದವರೂ ಇದ್ದರು. ಮಾಣೆಕ್ ಚೌಕ್ ಮಾರುಕಟ್ಟೆಯಲ್ಲಿ ಕುಳಿತು ಮಾರುವ ಹಕ್ಕಿಗಾಗಿ ನಡೆದ ಹೋರಾಟ ಅವರ ಚಿತ್ರಗಳಿಗೆ ವಸ್ತುವಾಯಿತು.

ಭಾರತದ ಸಂದರ್ಭದಲ್ಲಿ ಇದಕ್ಕೆ ಎದುರಾಗಿ ಇಟ್ಟು ನೋಡಬೇಕಾದ ಇನ್ನೊಂದು ಪ್ರಯೋಗವಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವು 'ಸೈಟ್' ಎಂದು ಪ್ರಸಿದ್ಧ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪೆಟ್ಟಿಗೆಗಳು ಬಂದವು. ಕರ್ನಾಟಕದಲ್ಲಿ ಬಿಜಾಪುರ, ಗುಲಬರ್ಗಾ ಮತ್ತು ರಾಯಚೂರು ಜಿಲ್ಲೆಗಳು ಇದರಲ್ಲಿ ಸೇರಿದ್ದವು. ಹಳ್ಳಿಗೆ ಚಿತ್ರ ಇಳಿಯಿತು, ಹಳ್ಳಿಯಿಂದ ಚಿತ್ರ ಮೇಲೇರಲಿಲ್ಲ. ಕೃಷಿ, ಆರೋಗ್ಯ, ಕುಟುಂಬ ಯೋಜನೆಗಳ ಬಗ್ಗೆ ಬಲ್ಲವರು ಹೇಳುವುದು, ಉಳಿದವರು ಕೇಳುವುದು ಎಂಬ ವಿನ್ಯಾಸ ಅದು. ಈ ಪ್ರಯೋಗದಲ್ಲಿ ಕೆಲಸ ಮಾಡಿದ ದೂರದರ್ಶನ ನಿರ್ಮಾಪಕರಲ್ಲೊಬ್ಬರು ಮೈಸೂರು ಮೂಲದ ಪಿ.ವಿ. ಸತೀಶ್ (1945–2023). ಹೆಚ್ಚುಕಡಿಮೆ ಎರಡು ದಶಕ ದೂರದರ್ಶನದಲ್ಲಿದ್ದ ಅವರು 1980ರ ದಶಕದ ಆರಂಭದಲ್ಲಿ ಗೆಳೆಯರೊಡನೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿ, ಜಹೀರಾಬಾದ್ ಸಮೀಪದ ಪಸ್ತಾಪುರವನ್ನು ಕೇಂದ್ರವಾಗಿಸಿಕೊಂಡರು. ಮೇಲಿನಿಂದ ಇಳಿಯುವ ಚಿತ್ರದ ವ್ಯಾಕರಣವನ್ನು ಒಳಗಿನಿಂದ ಬಲ್ಲವರೇ ಅದನ್ನು ತಿರುಗಿಸಲು ಹೊರಟದ್ದು ಆಕಸ್ಮಿಕವೇನಲ್ಲ.

ಪಸ್ತಾಪುರದ ಮೂರು 'ಶಾಟ್'ಗಳು

ಜಹೀರಾಬಾದ್ ಇಂದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅದು ಬೀದರ್ ಜಿಲ್ಲೆಯ ತಾಲ್ಲೂಕಾಗಿತ್ತು. ಮಳೆಯಾಶ್ರಿತ ಭೂಮಿ, ಜೋಳ, ತೊಗರಿ, ಸಜ್ಜೆ, ನವಣೆಗಳ ಬೆಳೆ, ನಿಜಾಮಶಾಹಿ ಕಾಲದಿಂದ ಬಂದ ಪಟೇಲಿಕೆ ಮತ್ತು ಜೀತದ ನೆನಪುಗಳು. ಗಡಿಯ ಈಚೆಗೂ ಆಚೆಗೂ ಇವು ಬೇರೆ ಬೇರೆಯಲ್ಲ. ಇಲ್ಲಿ ಸೊಸೈಟಿಯ ಕೆಲಸ ನಡೆದುದು 'ಸಂಘಂ' ಎಂದು ಕರೆಯಲಾಗುವ ಹಳ್ಳಿಯ ಮಹಿಳಾ ಗುಂಪುಗಳ ಮೂಲಕ. ಇವುಗಳ ಸದಸ್ಯರಲ್ಲಿ ಬಹುಪಾಲು ದಲಿತ ಮಹಿಳೆಯರು, ತುಂಡು ಭೂಮಿಯ ರೈತರು ಅಥವಾ ಕೂಲಿಯವರು. 1998ರಲ್ಲಿ ಇವರಲ್ಲಿ ಕೆಲವರಿಗೆ ವಿಡಿಯೊ ತರಬೇತಿ ಆರಂಭವಾಯಿತು. ಹೆಚ್ಚಿನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. 2001ರಲ್ಲಿ ಅವರದೇ ಸಮುದಾಯ ಮಾಧ್ಯಮ ಟ್ರಸ್ಟ್ ರೂಪುಗೊಂಡಿತು.

ತರಬೇತಿಯ ಅವಧಿಯಲ್ಲಿ ಈ ಮಹಿಳೆಯರು ಕ್ಯಾಮೆರಾದ ಕೋನಗಳಿಗೆ ಇಟ್ಟುಕೊಂಡ ಹೆಸರುಗಳು ಭಾಷೆಯ ವಿದ್ಯಾರ್ಥಿಗಳ ವಿಶೇಷ ಗಮನಕ್ಕೆ ಅರ್ಹವಾಗಿವೆ. ಚಲನಚಿತ್ರ ಶಾಸ್ತ್ರದಲ್ಲಿ ಹೈ ಆಂಗಲ್, ಲೋ ಆಂಗಲ್, ಐ ಲೆವೆಲ್ ಎಂಬ ಪರಿಭಾಷೆಗಳಿವೆ. ಪಸ್ತಾಪುರದ ಮಹಿಳೆಯರು ಮೇಲಿನಿಂದ ಕೆಳಕ್ಕೆ ನೋಡುವುದನ್ನು 'ಪಟೇಲ ಶಾಟ್' ಎಂದರು. ಕೆಳಗಿನಿಂದ ಮೇಲಕ್ಕೆ ನೋಡುವುದನ್ನು ಜೀತದಾಳಿನ ಶಾಟ್ ಎಂದರು. ಸಮಮಟ್ಟದಲ್ಲಿ ನೋಡುವುದನ್ನು 'ಸಂಘಂ ಶಾಟ್' ಎಂದರು. ಪಟೇಲ ಎತ್ತರದಲ್ಲಿ ಕೂತು ನೆಲದ ಮೇಲೆ ಕೂತವರನ್ನು ನೋಡುತ್ತಾನೆ. ಜೀತದವನು ಕತ್ತೆತ್ತಿ ದಣಿಯನ್ನು ನೋಡುತ್ತಾನೆ. ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಕೂರುವುದರಿಂದ ಕಣ್ಣಿಗೆ ಕಣ್ಣು ನೇರವಾಗಿರುತ್ತದೆ. ತಮ್ಮ ಚಿತ್ರಗಳಲ್ಲಿ ತಮಗೆ ಬೇಕಾದುದು ಈ ಮೂರನೆಯದು ಎಂಬುದು ಅವರ ನಿಲುವು.

ಕನ್ನಡದಲ್ಲಿ ಪಾರಿಭಾಷಿಕ ಪದಗಳನ್ನು ಟಂಕಿಸುವ ಕ್ರಮವನ್ನು ಇದರೊಂದಿಗೆ ಹೋಲಿಸಬಹುದು. ರೂಢಿಯ ಮಾರ್ಗದಲ್ಲಿ 'ಊರ್ಧ್ವಕೋನ', 'ಅಧಃಕೋನ' ಎಂದೋ, ತುಸು ಸರಳಗೊಳಿಸಿ 'ಮೇಲ್ಕೋನ', 'ಕೆಳಕೋನ' ಎಂದೋ ಅನುವಾದಿಸಿ ಮುಗಿಸುವುದುಂಟು. ಶಾಸ್ತ್ರದ ಪದ ಅಳೆಯುವುದು ಯಂತ್ರದ ಎತ್ತರವನ್ನು. ಪಸ್ತಾಪುರದ ಪದ ಹೇಳುವುದು ನೋಡುವವನು ಯಾರು ಎಂಬುದನ್ನು. ಚಲನಚಿತ್ರ ಪಠ್ಯಪುಸ್ತಕಗಳು ಕೆಳಗಿನಿಂದ ತೆಗೆದ ಚಿತ್ರ ವ್ಯಕ್ತಿಗೆ ಘನತೆಯನ್ನು ತರುತ್ತದೆ ಎನ್ನುತ್ತವೆ; ಆ ಘನತೆ ಯಾರ ಬಾಗುವಿಕೆಯಿಂದ ಹುಟ್ಟುತ್ತದೆ ಎಂದು ಕೇಳುವುದಿಲ್ಲ. ಈ ಮಹಿಳೆಯರ ಹೆಸರಿನಲ್ಲಿ ಆ ಪ್ರಶ್ನೆ ಅಡಗಿದೆ. ತಾಂತ್ರಿಕ ಪದವೊಂದು ಜಾತಿ ಮತ್ತು ಭೂಮಾಲೀಕತ್ವದ ಅನುಭವದಿಂದ ಹುಟ್ಟಿ ಬಂದಿರುವ ಇಂಥ ಉದಾಹರಣೆಗಳು ವಿರಳ. ಇದು ಹೆಸರಿಗೆ ಮಾತ್ರ ಸೀಮಿತವಾದುದೂ ಅಲ್ಲ. ನೆಲದ ಮೇಲೆ ಕೂತು ಬೀಜ ಹಸನು ಮಾಡುತ್ತಿರುವ ಹೆಂಗಸನ್ನು ಸಂಘಂ ಶಾಟಿನಲ್ಲಿ ತೆಗೆಯಬೇಕಾದರೆ ಚಿತ್ರ ತೆಗೆಯುವವಳೂ ನೆಲಕ್ಕೆ ಕೂರಲೇಬೇಕು.

ತಮ್ಮ ಹೊಲಗಳ ಬಗೆಗಿನ ಚಿತ್ರಗಳಲ್ಲಿ ಅವರಿಗೆ ಇನ್ನೊಂದು ಅನುಕೂಲವಿದೆ. ಹಳೇ ಮೈಸೂರು ಭಾಗದಲ್ಲಿ 'ಅಕ್ಕಡಿ' ಎನ್ನುವ ಮಿಶ್ರಬೆಳೆಯ ಪದ್ಧತಿ ಆ ಸೀಮೆಯಲ್ಲಿಯೂ ಉಂಟು. ಒಂದೇ ಹೊಲದಲ್ಲಿ ಹತ್ತು ಹದಿನೈದು ಬಗೆಯ ಬೆಳೆ ಇರುವಾಗ ಯಾವುದನ್ನು ಹತ್ತಿರದಿಂದ ತೋರಿಸಬೇಕು, ಯಾವ ಕಳೆ ಕಳೆಯಲ್ಲ ಸೊಪ್ಪು ಎಂಬುದು ಬಿತ್ತಿದವಳಿಗೆ ತಿಳಿದಿರುತ್ತದೆ. ನಗರದ ಛಾಯಾಗ್ರಾಹಕನಿಗೆ ಅದು ಬರಿಯ ಹಸುರು.

ಈ ಟ್ರಸ್ಟಿನ ಕೆಲಸಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ವಾರಂಗಲ್ಲಿನ ಬಿಟಿ ಹತ್ತಿಯನ್ನು ಕುರಿತ ಚಿತ್ರಗಳು. ಭಾರತ ಸರ್ಕಾರ 2002ರ ಮಾರ್ಚಿಯಲ್ಲಿ ಬಿಟಿ ಹತ್ತಿಯ ವಾಣಿಜ್ಯ ಬೇಸಾಯಕ್ಕೆ ಅನುಮತಿ ನೀಡಿತು. ಆ ಮುಂಗಾರಿನ ಹಂಗಾಮಿನುದ್ದಕ್ಕೂ ಮಹಿಳೆಯರು ವಾರಂಗಲ್ಲಿನ ರೈತರ ಹೊಲಗಳಿಗೆ ಮತ್ತೆ ಮತ್ತೆ ಹೋಗಿ, ಬಿತ್ತನೆಯ ಭರವಸೆಯಿಂದ ಕೊಯ್ಲಿನ ನಿರಾಶೆಯವರೆಗಿನ ಮಾತುಗಳನ್ನು ದಾಖಲಿಸಿದರು. ಒಂದು ಭೇಟಿಯ ಸಂದರ್ಶನದಲ್ಲಿ ದೊರಕದ ಕಾಲದ ಆಯಾಮ ಇದರಿಂದ ಸಾಧ್ಯವಾಯಿತು. 2003ರ ಈ ಚಿತ್ರ ಹೊರದೇಶಗಳಿಗೂ ಹೋಯಿತು, 2005ರಲ್ಲಿ ಮೂರು ವರ್ಷಗಳ ಅನುಭವವನ್ನು ಒಳಗೊಂಡ ಇನ್ನೊಂದು ಚಿತ್ರ ಬಂದಿತು. ಅದೇ 2005ರಲ್ಲಿ ಮೊದಲ ಮೂರು ಬಿಟಿ ತಳಿಗಳಿಗೆ ಆಂಧ್ರಪ್ರದೇಶದಲ್ಲಿ ಅನುಮತಿ ಮುಂದುವರಿಯಲಿಲ್ಲ. ಈ ಎರಡನ್ನೂ ಕಾರಣ ಮತ್ತು ಕಾರ್ಯ ಎಂದು ಜೋಡಿಸುವುದು ಸರಿಯಾಗದು. ರೈತರ ಪರಿಹಾರದ ಬೇಡಿಕೆ, ಕೃಷಿ ತಜ್ಞರ ಸಮೀಕ್ಷೆಗಳು, ರಾಜ್ಯ ಸರ್ಕಾರದ ನಿಲುವು ಇವೆಲ್ಲ ಅದರ ಹಿಂದಿದ್ದವು. ಮುಂದೆ ಬೇರೆ ಬಿಟಿ ತಳಿಗಳು ದೇಶದ ಹತ್ತಿ ಬೆಳೆಯ ಬಹುಭಾಗವನ್ನು ಆವರಿಸಿದವು ಎಂಬುದನ್ನೂ ಮರೆಯುವಂತಿಲ್ಲ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯಿದೆ. ವಾರಂಗಲ್ ಪಸ್ತಾಪುರದಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರು ದೂರ. ಸಿರಿಧಾನ್ಯ ಬೆಳೆಯುವ ಮಹಿಳೆಯರಿಗೆ ಹತ್ತಿ ಬೆಳೆಯುವ ವಾರಂಗಲ್ಲಿನ ರೈತ 'ತಮ್ಮವನೇ' ಅಥವಾ 'ಹೊರಗಿನವನೇ'? ಅಲ್ಲಿ ಇವರು ಸಂಗ್ರಾಹಕರ ಸ್ಥಾನದಲ್ಲಿದ್ದರು, ಅವರು ವಕ್ತೃಗಳ ಸ್ಥಾನದಲ್ಲಿದ್ದರು. ಜೊತೆಗೆ, ಕುಲಾಂತರಿ ಬೀಜಗಳ ಬಗ್ಗೆ ಸೊಸೈಟಿಗೆ ಸ್ಪಷ್ಟವಾದ ವಿರೋಧದ ನಿಲುವಿತ್ತು. ಸಂಸ್ಥೆಯ ನಿಲುವು ಎಲ್ಲಿ ಮುಗಿದು ಮಹಿಳೆಯರ ನಿಲುವು ಎಲ್ಲಿ ಆರಂಭವಾಗುತ್ತದೆ ಎಂದು ವಿಮರ್ಶಕರು ಕೇಳಬಹುದು. ದೇಶೀ ಬೀಜಗಳನ್ನು ಕಾಪಾಡಿಕೊಂಡು ಬಂದವರು ಈ ಮಹಿಳೆಯರೇ ಆದ್ದರಿಂದ ನಿಲುವು ಅವರದಲ್ಲ ಎನ್ನಲಾಗದು. ಆದರೆ ಪ್ರಶ್ನೆಯೇ ಅಪ್ರಸ್ತುತ ಎನ್ನುವುದೂ ಸಾಧ್ಯವಿಲ್ಲ. ತೆಲುಗು ಮಾತು ಇಂಗ್ಲಿಷಿನ ಅಡಿಬರಹವಾಗಿ ಯುರೋಪಿನ ಸಭೆಯೊಂದನ್ನು ತಲುಪುವಾಗ ನಡುವೆ ಅನುವಾದಕರೊಬ್ಬರು ಇರುತ್ತಾರೆ, ಅವರ ಕೈಯಲ್ಲಿಯೂ ಒಂದು ಕತ್ತರಿ ಇರುತ್ತದೆ.

ಆಕ್ಷೇಪಗಳು

'ಸಹಭಾಗಿತ್ವ'ವೇ ಒಂದು ದಬ್ಬಾಳಿಕೆಯಾಗಬಹುದೆಂಬ ವಾದವನ್ನು ಬಿಲ್ ಕುಕ್ ಮತ್ತು ಉಮಾ ಕೊಠಾರಿ ಸಂಪಾದಿಸಿದ 2001ರ ಗ್ರಂಥ ಮುಂದಿಟ್ಟಿತು. ವಿಡಿಯೊದ ಮಟ್ಟಿಗೆ ಈ ಆಕ್ಷೇಪ ನಿಜವಾಗುವ ಸಂದರ್ಭಗಳು ಕಡಿಮೆಯಿಲ್ಲ. ಧನಸಹಾಯ ನೀಡಿದ ಸಂಸ್ಥೆಗೆ ಯೋಜನೆಯ ಕೊನೆಯಲ್ಲಿ ಒಂದು ಚಿತ್ರ ಬೇಕು. ಮೊದಲು ಕಷ್ಟ, ಆಮೇಲೆ ಯೋಜನೆ, ಕೊನೆಗೆ ನಗುಮುಖ. ಇಂಥ ಕಥನದ ಅಚ್ಚು ಮೊದಲೇ ಸಿದ್ಧವಿರುತ್ತದೆ, ಸಮುದಾಯ ಅದರೊಳಗೆ ತನ್ನ ಮುಖವನ್ನು ತುಂಬಿಕೊಡುತ್ತದೆ. ಕೂಲಿಯ ಹೆಂಗಸಿಗೆ ತರಬೇತಿಯ ದಿನವೆಂದರೆ ಕೂಲಿ ತಪ್ಪಿದ ದಿನ ಎಂಬುದನ್ನು ಯೋಜನೆಯ ವರದಿಗಳು ಸಾಮಾನ್ಯವಾಗಿ ಹೇಳುವುದಿಲ್ಲ.

'ಸಮುದಾಯ' ಎಂಬ ಪದವೂ ಮೋಸದ್ದೇ. ಊರನ್ನು ಒಂದು ಘಟಕವೆಂದು ಭಾವಿಸಿ ಕ್ಯಾಮೆರಾ ಕೊಟ್ಟರೆ ಅದು ಊರಿನೊಳಗಿನ ಬಲಿಷ್ಠರ ಕೈಸೇರುವುದೇ ಹೆಚ್ಚು. ಪಸ್ತಾಪುರದಲ್ಲಿ ಊರನ್ನಲ್ಲ, ದಲಿತ ಮಹಿಳೆಯರನ್ನು ಘಟಕವಾಗಿ ಇಟ್ಟುಕೊಂಡುದರಲ್ಲಿ ಈ ಅರಿವಿದೆ. ಜಾತಿಯ ದೌರ್ಜನ್ಯದ ಸಂದರ್ಭದಲ್ಲಂತೂ ತೆರೆಯ ಮೇಲೆ ಕಾಣಿಸಿಕೊಂಡ ಮುಖಕ್ಕೆ ಮರುದಿನದಿಂದ ಅದೇ ಊರಿನಲ್ಲಿ ನೀರು, ಕೂಲಿ, ಸಾಲಕ್ಕಾಗಿ ಅಲೆಯಬೇಕಿರುತ್ತದೆ. ಅಲ್ಲಿ ಮುಖ ತೋರಿಸದಿರುವುದೂ ಒಂದು ಹಕ್ಕು. ಗಾಯತ್ರಿ ಸ್ಪಿವಾಕ್ ಅವರು ತಳಸಮುದಾಯದವರು ಮಾತನಾಡಬಲ್ಲರೇ ಎಂದು 1988ರಲ್ಲಿ ಕೇಳಿದ ಪ್ರಶ್ನೆ ಕನ್ನಡ ವಿಮರ್ಶೆಯಲ್ಲಿ ಬಹಳವಾಗಿ ಉದ್ಧೃತವಾಗಿದೆ. ಉದ್ಧರಿಸಿದವರಲ್ಲಿ ಅನೇಕರು ಅದನ್ನು ಮಾತಿನ ಪ್ರಶ್ನೆಯೆಂದೇ ಓದಿಕೊಂಡರು. ಆ ಮಾತನ್ನು ಮಾತೆಂದು ಕೇಳಿಸಿಕೊಳ್ಳುವ ವ್ಯವಸ್ಥೆ ಇದೆಯೇ ಎಂಬುದು ಅದರ ಒಳಗಿನ ಪ್ರಶ್ನೆ. ಫೋಗೊಕ್ಕೆ ಮರಳಿ ಬಂದ ಸಚಿವರ ಉತ್ತರ ಮಹತ್ವದ್ದಾಗುವುದು ಈ ಕಾರಣಕ್ಕೆ.

ಮೊಬೈಲ್ ಫೋನು ಬಂದ ಮೇಲೆ ಉಪಕರಣದ ಕೊರತೆ ಬಹುಮಟ್ಟಿಗೆ ನೀಗಿದೆ. ಕೇರಿಯ ಹುಡುಗನ ಜೇಬಿನಲ್ಲೇ ಕ್ಯಾಮೆರಾ ಇದೆ. ಆದರೆ ತೆಗೆದ ಕ್ಷಣದಲ್ಲೇ ಚಿತ್ರ ಲೋಕಕ್ಕೆ ಹರಿದುಹೋಗುವುದರಿಂದ ಮೊದಲು ತಮ್ಮವರು, ಆಮೇಲೆ ಹೊರಗಿನವರು ಎಂಬ ಅನುಕ್ರಮ ತಲೆಕೆಳಗಾಗಿದೆ. ಮಾಂಟ್ರಿಯಲ್‌ನ ಕುಟುಂಬಕ್ಕೆ ಆದುದು ಈಗ ದಿನನಿತ್ಯವೂ ಯಾರಿಗಾದರೂ ಆಗುತ್ತಿರುತ್ತದೆ.

ವಕ್ತೃವಿನ ಕೈಯಲ್ಲಿ ಕತ್ತರಿ

ಕರ್ನಾಟಕದ ಜಾನಪದ ಸಂಗ್ರಹದ ಸಾಧನೆ ದೊಡ್ಡದು. ಮಲೆಯ ಮಾದೇಶ್ವರ, ಮಂಟೇಸ್ವಾಮಿ, ಜುಂಜಪ್ಪನ ಕಾವ್ಯಗಳು ಅಚ್ಚಿನಲ್ಲಿ ಓದಲು ದೊರೆಯುತ್ತಿರುವುದು ಅದರಿಂದ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ಕಲೆಗಳ ದೃಶ್ಯ ದಾಖಲೀಕರಣಕ್ಕೂ ಜಾಗ ದೊರಕಿತು. ಈ ಪರಂಪರೆಯನ್ನು ಕಡೆಗಣಿಸಿ ಮಾತನಾಡುವುದು ಕೃತಘ್ನತೆಯಾದೀತು. ಆದರೂ ಫೋಗೊ ಮತ್ತು ಪಸ್ತಾಪುರಗಳನ್ನು ನೋಡಿದ ಮೇಲೆ ಕೆಲವು ಅಭ್ಯಾಸಗಳನ್ನು ಮರುಪರಿಶೀಲಿಸಬೇಕಾಗುತ್ತದೆ. ಹಲವು ಗಾಯಕರಿಂದ ಸಂಗ್ರಹಿಸಿದ ಭಾಗಗಳನ್ನು ಜೋಡಿಸಿ 'ಸಮಗ್ರ' ಪಠ್ಯವೊಂದನ್ನು ಸಿದ್ಧಪಡಿಸುವುದು ಲೋ ಕೈಬಿಟ್ಟ ಅಡ್ಡ ಜೋಡಣೆಯೇ. ಒಬ್ಬ ಗಾಯಕನ ಒಂದು ಪ್ರದರ್ಶನವನ್ನು ಹಾಗೆಯೇ ಉಳಿಸಿಕೊಳ್ಳುವುದು ಲಂಬ ರಚನೆಗೆ ಹತ್ತಿರವಾದುದು. ಈಚಿನ ಸಂಪಾದನೆಗಳು ಈ ಕಡೆಗೆ ವಾಲಿರುವುದು ಸ್ವಾಗತಾರ್ಹ.

ಉಳಿದಿರುವುದು ಮೊದಲ ಪ್ರದರ್ಶನದ ಪ್ರಶ್ನೆ. ಧ್ವನಿಮುದ್ರಿಸಿದ್ದು ಲಿಪ್ಯಂತರಗೊಳ್ಳುತ್ತದೆ, ಮಹಾಪ್ರಬಂಧವಾಗುತ್ತದೆ. ಮಾರ್ಗದರ್ಶಕರು ನೋಡುತ್ತಾರೆ, ಪರೀಕ್ಷಕರು ನೋಡುತ್ತಾರೆ, ಗ್ರಂಥಾಲಯಕ್ಕೆ ಒಂದು ಪ್ರತಿ ಸೇರುತ್ತದೆ. ವಕ್ತೃವಿನ ಹೆಸರು, ವಯಸ್ಸು, ಜಾತಿ, ಊರು ಅನುಬಂಧದ ಕೋಷ್ಟಕದಲ್ಲಿ ಮುದ್ರಣಗೊಳ್ಳುತ್ತವೆ. ಹಾಡಿದವನಿಗೆ ಅವನ ಹಾಡನ್ನು ಮರಳಿ ಕೇಳಿಸುವ, ಅಚ್ಚ ಮಾಡಿದ್ದನ್ನು ಓದಿ ಹೇಳುವ, ಯಾವ ಭಾಗ ಅಚ್ಚಿಗೆ ಹೋಗಬಾರದೆಂದು ಕೇಳುವ ಹಂತ ಕ್ಷೇತ್ರಕಾರ್ಯದ ವಿಧಾನವೆಂದು ಪಠ್ಯಕ್ರಮದಲ್ಲಿ ನೆಲೆಗೊಂಡಿಲ್ಲ. ವ್ರತದ ದಿನ ಮಾತ್ರ, ಗುಡಿಯ ಮುಂದೆ ಮಾತ್ರ ಹಾಡಬೇಕಾದುದನ್ನು ಸಂಗ್ರಾಹಕರ ಒತ್ತಾಯಕ್ಕೆ ಹಗಲಿನಲ್ಲಿ ಹಾಡಿಕೊಟ್ಟವನಿಗೆ ಆ ಮೇಲೆ ಅಳುಕು ಹುಟ್ಟಬಹುದು. ಅದನ್ನು ಹೇಳಿಕೊಳ್ಳಲು ಸಂಗ್ರಾಹಕ ಎರಡನೆಯ ಸಲ ಆ ಊರಿಗೆ ಹೋಗಿರಬೇಕು.

ಹಾಗೆ ಹೋದಾಗ ಗ್ರಂಥಸಂಪಾದನೆಗೆ ಒಂದು ಹೊಸ ತೊಡಕು ಎದುರಾಗುತ್ತದೆ. ತನ್ನ ಹಾಡನ್ನು ತೆರೆಯ ಮೇಲೆ ನೋಡಿದ ಗಾಯಕ 'ಇಲ್ಲಿ ತಪ್ಪಿದೆ, ಇದನ್ನು ತೆಗೆದು ಮತ್ತೆ ಹಿಡಿಯಿರಿ' ಎನ್ನುತ್ತಾನೆ ಎಂದಿಟ್ಟುಕೊಳ್ಳೋಣ. ಮೊದಲ ದಿನ ಜನರ ನಡುವೆ ಹಾಡಿದ್ದು ಮೂಲಪಾಠವೇ, ತಾನೇ ಕೇಳಿ ತಿದ್ದಿಕೊಟ್ಟದ್ದು ಮೂಲಪಾಠವೇ? ಓಲೆಗರಿಗಳ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಗುರುತಿಸುವ ಸಂಕೇತಗಳು ಕನ್ನಡದಲ್ಲಿ ಬಹಳ ಹಿಂದೆಯೇ ಸಿದ್ಧವಾದವು. ಹಾಡಿದವನೇ ಮಾಡಿದ ತಿದ್ದುಪಡಿಗೆ, ಹಾಡಿದವನೇ ಬೇಡವೆಂದು ಬಿಡಿಸಿದ ಸಾಲಿಗೆ ಯಾವ ಸಂಕೇತವನ್ನು ಬಳಸಬೇಕು, ಬಿಡಿಸಿದ ಜಾಗವನ್ನು ಪುಟದ ಮೇಲೆ ಖಾಲಿ ತೋರಿಸಬೇಕೇ ಬೇಡವೇ ಎಂಬುದು ಇನ್ನೂ ತೀರ್ಮಾನವಾಗಬೇಕಾಗಿದೆ.